ಮನೆಮಂದಿಯ ಕಾರಿಗೆ ಎಷ್ಟು ವೇಗ ಬೇಕು?

ಕಾರುಗಳ ಬಗ್ಗೆ ಬರೆಯುವವರು ಒಂದು ಜಾತಿಯ ಕಾರಿಗೆ ಬಂದಾಗ ಸ್ವಲ್ಪ ಭಾವುಕರಾಗುತ್ತಾರೆ. ಎಸ್ಟೇಟ್ ಕಾರು ಎಂದು ಅದರ ಹೆಸರು. ಚಾವಣಿ ಹಿಂದಿನ ತುದಿಯವರೆಗೂ ಚಾಚಿಕೊಂಡು, ಡಿಕ್ಕಿಯ ಜಾಗದಲ್ಲಿ ಒಂದು ಸಣ್ಣ ಕೋಣೆಯೇ ಇರುವಂತಹ ಉದ್ದನೆಯ ಕಾರು. ಅದರಲ್ಲೂ ದುಬಾರಿ ಮತ್ತು ಶರವೇಗದ ಎಸ್ಟೇಟ್ ಆದರೆ ಹೊಗಳಿಕೆಗೆ ಮಿತಿಯಿಲ್ಲ. ಮಕ್ಕಳು, ಮುದುಕರು, ನಾಯಿ, ಸಾಮಾನು ಎಲ್ಲ ಹಿಡಿಸುತ್ತದೆ. ನಾಲ್ಕು ಸೆಕೆಂಡಿನೊಳಗೆ ಗಂಟೆಗೆ 100 ಕಿ.ಮೀ. ವೇಗವನ್ನೂ ಮುಟ್ಟುತ್ತದೆ. ಸಂಸಾರಕ್ಕೂ ಆಯಿತು, ಸಂತೋಷಕ್ಕೂ ಆಯಿತು ಎನ್ನುತ್ತಾರೆ. ಈ ಎರಡು ‘ಊ’ಕಾರಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಬದುಕಬಲ್ಲವೇ ಎಂಬುದು ನನ್ನ ಪ್ರಶ್ನೆ.

ಹೆಸರಿನ ಕಥೆಯಿಂದಲೇ ಶುರು ಮಾಡಬಹುದು. ಇಂಗ್ಲೆಂಡಿನಲ್ಲಿ ‘ಎಸ್ಟೇಟ್’ ಎಂದರೆ ಜಮೀನ್ದಾರರ ವಿಶಾಲವಾದ ಆಸ್ತಿ. ಆ ಆಸ್ತಿಯೊಳಗೆ ಅತಿಥಿಗಳನ್ನೂ ಸಾಮಾನನ್ನೂ ಸಾಗಿಸಲು ಇಟ್ಟುಕೊಂಡ ಗಾಡಿ ಎಸ್ಟೇಟ್ ಕಾರಾಯಿತು. ಬೇಟೆಗೆ ಹೊರಟವರನ್ನು ಕೋವಿ, ನಾಯಿಗಳ ಸಮೇತ ಒಯ್ಯುವ ಗಾಡಿಗೆ ‘ಶೂಟಿಂಗ್ ಬ್ರೇಕ್’ ಎಂಬ ಹೆಸರಿತ್ತು. ಅಮೆರಿಕದಲ್ಲಿ ರೈಲು ನಿಲ್ದಾಣದಿಂದ ಪೆಟ್ಟಿಗೆ ಗಂಟುಗಳನ್ನು ತರುವ ಗಾಡಿ ‘ಸ್ಟೇಷನ್ ವ್ಯಾಗನ್’ ಆಯಿತು. ಮೂರೂ ಹೆಸರುಗಳು ಹೊರುವ ಕೆಲಸದಿಂದ ಬಂದವು. ಯಾವುದರಲ್ಲೂ ವೇಗದ ಮಾತಿಲ್ಲ. ವೇಗ ಸೇರಿಕೊಂಡದ್ದು ಬಹಳ ತಡವಾಗಿ. 1994ರಲ್ಲಿ ಆಡಿ ಕಂಪನಿ ಪೋರ್ಷೆಯವರ ಜೊತೆಗೂಡಿ ಆರ್‌ಎಸ್2 ಅವಾಂಟ್ ಎಂಬ ಎಸ್ಟೇಟನ್ನು ತಂದಿತು. ಅದೇ ವರ್ಷ ಬ್ರಿಟನ್ನಿನ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ಪಿಗೆ ವೋಲ್ವೊ ತನ್ನ 850 ಎಸ್ಟೇಟನ್ನು ಇಳಿಸಿತು. ಸಂತೆಗೆ ಹೋಗುವ ಎತ್ತನ್ನು ಕಂಬಳದ ಗದ್ದೆಗೆ ಇಳಿಸಿದ ಹಾಗೆ ಎಂದು ಜನ ನಕ್ಕರು, ಆಮೇಲೆ ಮೆಚ್ಚಿದರು.

ನಮ್ಮಲ್ಲಿ ಈ ಜಾತಿ ಬೇರು ಬಿಡಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಇಂಡಿಗೊ ಮರೀನಾ ಬಂತು. ಎರಡೂ ಸದ್ದಿಲ್ಲದೆ ಹೋದವು. 2015ರಲ್ಲಿ ಆಡಿ ಆರ್‌ಎಸ್6 ಅವಾಂಟ್ ಭಾರತಕ್ಕೆ ಬಂದಾಗ ಅದರ ಷೋರೂಂ ಬೆಲೆ 1.35 ಕೋಟಿ ರೂಪಾಯಿ. ಶಕ್ತಿ 560 ಅಶ್ವಶಕ್ತಿ. ಉತ್ತರ ಕನ್ನಡದ ಮಟ್ಟಿಗೆ ಹೇಳುವುದಾದರೆ ನಮ್ಮ ನಿಜವಾದ ಎಸ್ಟೇಟ್ ಕಾರು ಮಾರುತಿ ಓಮ್ನಿ. 796 ಸಿ.ಸಿ.ಯ ಆ ಡಬ್ಬಿಯಲ್ಲಿ ಅಡಿಕೆ ಚೀಲ, ಹಲಸಿನಕಾಯಿ, ಗ್ಯಾಸ್ ಸಿಲಿಂಡರು, ಮದುವೆಗೆ ಹೊರಟ ಹತ್ತು ಜನ, ಆಸ್ಪತ್ರೆಗೆ ಹೊರಟ ಬಸುರಿ ಎಲ್ಲರೂ ಹೋಗಿದ್ದಾರೆ. 2019ರಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಜೋಯಿಡಾ ಕಡೆ ಇನ್ನೂ ಓಡುತ್ತಿವೆ.

ಈ ವಿಚಾರ ನನ್ನ ತಲೆಗೆ ಹತ್ತಿದ್ದು ದೊಡ್ಡಪ್ಪನ ಮಗನಿಂದ. ಪುಣೆಯಲ್ಲಿ ಒಳ್ಳೆಯ ಕೆಲಸದಲ್ಲಿರುವ ಅವನಿಗೆ ಇಂತಹ ವೇಗದ ಎಸ್ಟೇಟ್ ಒಂದನ್ನು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಕೊಳ್ಳುವ ಆಸೆ. ‘ತಮಾ, ನೀ ಫಿಲಾಸಫಿ ಓದಂವ ಅಲ್ದಾ, ಇದು ಸರಿಯೋ ತಪ್ಪೋ ಹೇಳು ನೋಡ್ವ’ ಎಂದು ಫೋನಿನಲ್ಲಿ ಕೇಳಿದ. ಅವನ ವಾದ ಮೂರು ಮಾತಿನದು. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹಿಡಿಸುತ್ತೇವೆ. ಊರಲ್ಲಿ ದೊಡ್ಡಮ್ಮನಿಗೆ ಹುಷಾರು ತಪ್ಪಿದರೆ ಬೇಗ ಬಂದು ಮುಟ್ಟಬಹುದು. ಗಾಡಿ ಗಟ್ಟಿ, ಮಕ್ಕಳಿಗೆ ಸುರಕ್ಷಿತ. ಮೂರೂ ಒಳ್ಳೆಯ ಮಾತುಗಳೇ. ಹಣ ಅವನದು, ದುಡಿಮೆ ಅವನದು, ಬೇಡವೆನ್ನಲು ನಾನಾರು? ಆದರೂ ಕೇಳಿದ ಮೇಲೆ ಲೆಕ್ಕ ಹಾಕಲೇಬೇಕಲ್ಲ.

ಲೆಕ್ಕವನ್ನು ಕುಂಬಾರವಾಡದ ರಸ್ತೆಯ ಮೇಲೆಯೇ ಹಾಕೋಣ. ಜೋಯಿಡಾದಿಂದ ಕುಂಬಾರವಾಡ ದಾಟಿ, ಅಣಶಿ ಘಟ್ಟ ಇಳಿದು, ಕದ್ರಾ ಮೂಲಕ ಕಾರವಾರಕ್ಕೆ ಹೋಗುವ ದಾರಿ ಅದು. ಎರಡೂ ಬದಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ತಿರುವಿನ ಆಚೆ ಏನಿದೆ ಎಂದು ತಿರುಗಿದ ಮೇಲೆಯೇ ಗೊತ್ತಾಗುವ ರಸ್ತೆ. ಕಾಡುಕೋಣ ಇರಬಹುದು, ಸೌದೆ ಹೊತ್ತ ಹೆಂಗಸರಿರಬಹುದು, ಶಾಲೆ ಬಿಟ್ಟು ನಡೆದು ಬರುವ ಮಕ್ಕಳಿರಬಹುದು. ಮಳೆಗಾಲದಲ್ಲಿ ಘಟ್ಟದ ಗುಡ್ಡವೇ ರಸ್ತೆಗೆ ಇಳಿದಿರಬಹುದು.

ಇಂತಹ 20 ಕಿ.ಮೀ. ದಾರಿಯನ್ನು ಸರಾಸರಿ 30 ಕಿ.ಮೀ. ವೇಗದಲ್ಲಿ ಹೋದರೆ 40 ನಿಮಿಷ ಬೇಕು. ಸರಾಸರಿ 40ಕ್ಕೆ ಏರಿಸಿದರೆ 30 ನಿಮಿಷ. ಉಳಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಉಳಿಸಿಕೊಡುವುದೂ ಬಿಡುವುದೂ ರಸ್ತೆಯ ತಿರುವು. ಎಂಜಿನ್ನಿನ 560 ಕುದುರೆಗಳಲ್ಲ. ಇನ್ನು ನಿಲ್ಲುವ ಲೆಕ್ಕ. ಚಾಲಕ ಕಂಡು, ತಿಳಿದು, ಬ್ರೇಕ್ ಒತ್ತಲು ಒಂದು ಸೆಕೆಂಡ್ ಎಂದುಕೊಳ್ಳೋಣ. ಒಣಗಿದ ಒಳ್ಳೆಯ ರಸ್ತೆಯಲ್ಲಿ 40 ಕಿ.ಮೀ. ವೇಗದ ಕಾರು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. 80ರಲ್ಲಿ ಹೋಗುತ್ತಿದ್ದರೆ ಸುಮಾರು 57 ಮೀಟರ್ ಬೇಕು, 100ರಲ್ಲಿ 80 ಮೀಟರಿಗೂ ಮೀರಿ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ದುಬಾರಿ ಕಾರಿನ ಬ್ರೇಕು ಕೆಲವು ಮೀಟರ್ ಉಳಿಸಿಕೊಡಬಹುದು. ಆದರೆ ಕಣ್ಣಿಗೂ ಕಾಲಿಗೂ ನಡುವಿನ ಆ ಒಂದು ಸೆಕೆಂಡನ್ನು ಯಾವ ಬೆಲೆಯ ಕಾರೂ ಪೂರ್ತಿ ಕೊಂಡುಕೊಡಲಾರದು.

ಇಲ್ಲಿಗೆ ‘ಬೇಗ ಮುಟ್ಟಬಹುದು’ ಎಂಬ ಮಾತು ಅರ್ಧ ಸೋತಿತು. ಆದರೆ ವಾದ ಮುಗಿಯುವುದಿಲ್ಲ. ಕಾರು ಪ್ರಿಯರಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ‘ಶಕ್ತಿ ಇದ್ದರೇನಂತೆ, ಬಳಸಲೇಬೇಕೆಂದು ಯಾರು ಹೇಳಿದರು?’ ಇದು ನಿಜಕ್ಕೂ ತತ್ತ್ವಶಾಸ್ತ್ರದ ಪ್ರಶ್ನೆ. ಸಾಮರ್ಥ್ಯ ಬೇರೆ, ಅದನ್ನು ಕ್ರಿಯೆಗೆ ತರುವುದು ಬೇರೆ ಎಂದು ಅರಿಸ್ಟಾಟಲ್ ಬಿಡಿಸಿ ಹೇಳಿದ್ದಾನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೈಯಲ್ಲಿ ಶಕ್ತಿಯೇ ಇಲ್ಲದವನ ಸಂಯಮಕ್ಕೆ ಬೆಲೆಯೇನು ಎಂದೂ ಕೇಳಬಹುದು. ಓಮ್ನಿಯಲ್ಲಿ ಕೂತು ನಿಧಾನ ಹೋಗುವುದು ಸದ್ಗುಣವಲ್ಲ, ಅನಿವಾರ್ಯ. 560 ಕುದುರೆಗಳ ಲಗಾಮು ಹಿಡಿದು ನಿಧಾನ ಹೋಗುವವನೇ ನಿಜವಾದ ಸಂಯಮಿ!

ಕೇಳಲು ಚೆಂದದ ಈ ವಾದದಲ್ಲಿ ಎರಡು ತೊಡಕಿವೆ. ಮೊದಲನೆಯದನ್ನು ಅರಿಸ್ಟಾಟಲನೇ ಕೊಡುತ್ತಾನೆ. ಗುಣ ಬರುವುದು ಅಭ್ಯಾಸದಿಂದ. ಏನನ್ನು ಮತ್ತೆ ಮತ್ತೆ ಮಾಡುತ್ತೇವೆಯೋ ಅದೇ ನಾವಾಗುತ್ತೇವೆ. ವಸ್ತುಗಳೂ ಅಭ್ಯಾಸ ಕಲಿಸುತ್ತವೆ. ಸದ್ದಿಲ್ಲದ, ಅಲುಗಾಟವಿಲ್ಲದ ಕಾರಿನೊಳಗೆ 90 ಎಂಬುದು 50ರ ಹಾಗೆ ಅನ್ನಿಸುತ್ತದೆ. ಓಮ್ನಿಯಲ್ಲಿ 70 ದಾಟಿದರೆ ಬಾಗಿಲು, ಗಾಜು, ಹಲ್ಲು ಎಲ್ಲ ಸೇರಿ ಎಚ್ಚರಿಕೆ ಕೊಡುತ್ತವೆ. ದುಬಾರಿ ಕಾರು ಮಾಡುವ ಮೊದಲ ಉಪಕಾರವೆಂದರೆ ಈ ಎಚ್ಚರಿಕೆಗಳ ಬಾಯಿ ಮುಚ್ಚಿಸುವುದು. ಎರಡನೆಯ ತೊಡಕು ಇನ್ನೂ ಗಂಭೀರವಾದದ್ದು. ಉಪವಾಸದ ದಿನ ಎದುರಿಗೆ ಹೋಳಿಗೆ ಇಟ್ಟುಕೊಂಡು ಸಂಯಮ ಪರೀಕ್ಷಿಸಿಕೊಂಡರೆ ಸೋತರೂ ನಷ್ಟ ನನ್ನದು. ರಸ್ತೆಯ ಮೇಲೆ ಹಾಗಲ್ಲ. ಪರೀಕ್ಷೆ ಬರೆಯುವವನು ನಾನು, ಪಣಕ್ಕೆ ಬಿದ್ದವರು ತಿರುವಿನ ಆಚೆ ನಡೆದು ಬರುತ್ತಿರುವವರು. ಅವರನ್ನು ಕೇಳದೆ ಅವರನ್ನು ಪಣಕ್ಕಿಟ್ಟು ಗಳಿಸಿದ ಸಂಯಮವನ್ನು ಸದ್ಗುಣವೆನ್ನಲು ನನಗೆ ಮನಸ್ಸು ಬಾರದು.

ವೋಲ್ವೊ ಕಂಪನಿ 2020ರಿಂದ ತನ್ನ ಹೊಸ ಕಾರುಗಳ ಗರಿಷ್ಠ ವೇಗವನ್ನು 180 ಕಿ.ಮೀ.ಗೆ ಕಟ್ಟಿಹಾಕಿತು. ಗ್ರಾಹಕನ ಸ್ವಾತಂತ್ರ್ಯಕ್ಕೆ ಕಂಪನಿ ಕೈ ಹಾಕಬಹುದೇ ಎಂಬ ತಕರಾರು ಬಂತು. ನಮ್ಮ ರಸ್ತೆಗಳಿಗೆ 180 ಎಂಬುದೂ ನಗೆಪಾಟಲೇ. ಆದರೂ ಆ ನಿರ್ಧಾರದ ಹಿಂದಿನ ತರ್ಕ ಗಮನಿಸಬೇಕಾದದ್ದು: ಪ್ರತಿ ಸಲವೂ ಚಾಲಕನ ಒಳ್ಳೆಯತನವನ್ನೇ ನೆಚ್ಚಿ ಕೂರಬಾರದು, ವಸ್ತುವಿನೊಳಗೇ ಸ್ವಲ್ಪ ಸಂಯಮವನ್ನು ಇಟ್ಟಿರಬೇಕು.

ಇನ್ನು ‘ಮಕ್ಕಳಿಗೆ ಸುರಕ್ಷಿತ’ ಎಂಬ ಮಾತು. ತನ್ನವರನ್ನು ಮೊದಲು ಕಾಯುವುದು ಸ್ವಾರ್ಥವೆಂದು ನಾನು ಹೇಳುವುದಿಲ್ಲ. ಮುಳುಗುತ್ತಿರುವವರಲ್ಲಿ ಹೆಂಡತಿಯೂ ಇದ್ದಾಗ ಅವಳನ್ನೇ ಮೊದಲು ಎಳೆದುಕೊಳ್ಳಬಹುದೇ ಎಂದು ಸಿದ್ಧಾಂತದ ಅಪ್ಪಣೆ ಕೇಳುತ್ತ ನಿಲ್ಲುವವನ ತಲೆಯಲ್ಲಿ ಬೇಡದ ಒಂದು ಯೋಚನೆ ಹೆಚ್ಚಾಗಿದೆ ಎಂಬರ್ಥದಲ್ಲಿ ಬ್ರಿಟಿಷ್ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ ಬರೆದದ್ದು ಪ್ರಸಿದ್ಧ. ನಾನೂ ಒಪ್ಪುತ್ತೇನೆ. ಆದರೆ ಕಾರು ಕೊಳ್ಳುವುದು ಮುಳುಗುವ ಹೊತ್ತಿನ ಕೆಲಸವಲ್ಲ. ಯೋಚಿಸಲು ತಿಂಗಳುಗಟ್ಟಲೆ ಸಮಯವಿರುತ್ತದೆ. ಆ ಸಮಯದಲ್ಲಿ ಹೊರಗಿನವರ ಬಗ್ಗೆ ಒಂದು ಯೋಚನೆ ಹೆಚ್ಚಾದರೆ ಅಡ್ಡಿಯಿಲ್ಲ.

ಯಾಕೆಂದರೆ ಸುರಕ್ಷತೆಯಲ್ಲಿ ಎರಡು ಬಗೆ. ಒಂದು, ಅಪಾಯವನ್ನೇ ಕರಗಿಸುವುದು. ಇನ್ನೊಂದು, ಅಪಾಯವನ್ನು ನನ್ನ ಮನೆಯಿಂದ ಎತ್ತಿ ಪಕ್ಕದ ಮನೆಯಂಗಳಕ್ಕೆ ಹಾಕುವುದು. ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಮೂರು ಬಿಂದುಗಳ ಸೀಟ್ ಬೆಲ್ಟ್ ರೂಪಿಸಿದಾಗ ಕಂಪನಿ ಅದರ ಪೇಟೆಂಟನ್ನು ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಬೆಲ್ಟ್ ಕಟ್ಟಿಕೊಂಡರೆ ನಾನು ಉಳಿಯುತ್ತೇನೆ, ಯಾರಿಗೂ ಅದರಿಂದ ಪೆಟ್ಟಿಲ್ಲ. ಇದು ಮೊದಲ ಬಗೆ. ಗಾಡಿಯನ್ನು ಎತ್ತರ ಮಾಡಿ, ಭಾರ ಮಾಡಿ, ಢಿಕ್ಕಿಯಲ್ಲಿ ನಾನು ಗೆಲ್ಲುವಂತೆ ಮಾಡಿಕೊಳ್ಳುವುದು ಎರಡನೆಯ ಬಗೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಎತ್ತರ 40 ಇಂಚು ಮೀರಿದ ವಾಹನಗಳು ಗುದ್ದಿದರೆ, ತಗ್ಗಾದ ಇಳಿಜಾರು ಮೂತಿಯ ವಾಹನಗಳಿಗೆ ಹೋಲಿಸಿದಾಗ, ಪಾದಚಾರಿ ಸಾಯುವ ಸಂಭವ ಸುಮಾರು ಶೇ. 45ರಷ್ಟು ಹೆಚ್ಚು.

ಇಲ್ಲಿ ಎಸ್ಟೇಟ್ ಕಾರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ತಗ್ಗಾದ ಗಾಡಿ. ಎಸ್‌ಯುವಿಯಷ್ಟೇ ಸಾಮಾನು ಹೊರುತ್ತದೆ, ಆದರೆ ಎದುರಿನವರ ಎದೆಯ ಮಟ್ಟಕ್ಕೆ ಮೂತಿ ಚಾಚಿ ನಿಲ್ಲುವುದಿಲ್ಲ. ಮುಂದೆ ನಿಂತ ಸಣ್ಣ ಮಗು ಚಾಲಕನ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ದಸರಾ ರಜೆಯಲ್ಲಿ ನಗರಗಳಿಂದ ದಾಂಡೇಲಿ, ಜೋಯಿಡಾ ಕಡೆ ನುಗ್ಗುವ ಎತ್ತರದ ಗಾಡಿಗಳ ಸಾಲು ನೋಡಿದವರಿಗೆ ಈ ವ್ಯತ್ಯಾಸ ಕೂಡಲೇ ಅರ್ಥವಾದೀತು. ಹೀಗಾಗಿ ‘ಕುಟುಂಬಕ್ಕೆ ಎಸ್ಟೇಟ್’ ಎಂಬ ಅರ್ಧ ವಾಕ್ಯವನ್ನು ನಾನು ಒಪ್ಪುತ್ತೇನೆ. ಅದರ ಬೆನ್ನಿಗೆ ಕಟ್ಟಿದ ವೇಗದ ಬಗ್ಗೆಯೇ ನನ್ನ ತಕರಾರು.

ಈಗ ಎಲ್ಲಕ್ಕಿಂತ ಕಷ್ಟದ ಮಾತು: ಆಸ್ಪತ್ರೆ. ನಮ್ಮ ಜಿಲ್ಲೆಯಲ್ಲಿ ವೇಗ ಶೋಕಿಯ ವಿಷಯವಲ್ಲ. ಗಂಭೀರ ಕಾಯಿಲೆಯೆಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವವರು ನಾವು. ಕಾಡಿನೊಳಗಿನ ಹಾಡಿಗಳಿಂದ ರೋಗಿಯನ್ನು ಜೋಲಿಯಲ್ಲಿ ಹೊತ್ತು ರಸ್ತೆಗೆ ತಂದ ಸುದ್ದಿ ಜೋಯಿಡಾ ಕಡೆಯಿಂದ ಮತ್ತೆ ಮತ್ತೆ ಬರುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಜಾರಿ ಬಡಿದು ನಾಲ್ವರು ಸತ್ತರು. ಆ ವಿಡಿಯೊ ನೋಡದವರು ಕಡಿಮೆ. ಜಿಲ್ಲೆಗೊಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಜೋರಾಗಿ ಎದ್ದಿತು.

ಆ ದುರಂತದ ಬಗ್ಗೆ ಯೋಚಿಸುವಾಗ ನನಗೆ ಕಾಣುವುದು ಇದು: ದೂರ ಎಂಬ ಸಮಸ್ಯೆಗೆ ಎರಡು ಉತ್ತರಗಳಿವೆ. ವೇಗ ಒಂದು ಉತ್ತರ, ಸಮೀಪ ಇನ್ನೊಂದು. ವೇಗವನ್ನು ಒಬ್ಬನೇ ಕೊಂಡುಕೊಳ್ಳಬಹುದು, ಸಾಲ ಮಾಡಿಯಾದರೂ. ಸಮೀಪವನ್ನು ಒಬ್ಬನೇ ಕೊಳ್ಳಲಾಗದು. ಅದನ್ನು ಹತ್ತು ಜನ ಸೇರಿ ಕೇಳಿ, ಜಗಳವಾಡಿ, ಸರ್ಕಾರದಿಂದ ಪಡೆಯಬೇಕು. ವೇಗ ಕೊಂಡವನು ಆ ಜಗಳದಿಂದ ಮೆಲ್ಲಗೆ ಹಿಂದೆ ಸರಿಯುತ್ತಾನೆ. ಅವನು ಕೆಟ್ಟವನೆಂದಲ್ಲ, ಅವನಿಗೆ ಅದರ ಅಗತ್ಯ ಕಡಿಮೆಯಾಯಿತು ಅಷ್ಟೆ. ಬಸ್ಸು ಬರುವುದಿಲ್ಲವೆಂದು ಸಿಟ್ಟಾಗಿ ಡಿಪೊ ಮುಂದೆ ಕೂರುವವರು ಬಸ್ಸಿಗೆ ಕಾಯುವವರೇ ಹೊರತು ಕಾರಿನವರಲ್ಲ. ಊರಿನಲ್ಲಿ ಮಾತು ನಡೆಯುವವರು, ಅರ್ಜಿ ಬರೆಯಬಲ್ಲವರು ಒಬ್ಬೊಬ್ಬರಾಗಿ ಖಾಸಗಿ ವೇಗದ ಕಡೆ ಹೋದರೆ ಸಾರ್ವಜನಿಕ ಸಮೀಪದ ಪರವಾಗಿ ಮಾತಾಡುವವರು ಉಳಿಯುವುದಿಲ್ಲ. ದುಬಾರಿ ಕಾರಿನ ಈ ಬೆಲೆ ಷೋರೂಮಿನ ಚೀಟಿಯಲ್ಲಿ ಬರೆದಿರುವುದಿಲ್ಲ.

ವೇಗಕ್ಕೆ ಜಾಗವೂ ಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಹೊರಗಿಟ್ಟರು. ಅಷ್ಟೊಂದು ಸಾವುಗಳಾದ ಮೇಲೆ ಅದು ಅಗತ್ಯವೇ ಆಗಿತ್ತು ಎನ್ನಬಹುದು. ಆದರೂ ಅದರಲ್ಲಿ ಒಂದು ಪಾಠವಿದೆ: ರಸ್ತೆ ವೇಗವಾಗಬೇಕಾದರೆ ನಿಧಾನದವರು ಇಳಿದು ಪಕ್ಕಕ್ಕೆ ಹೋಗಬೇಕು. ಬಂಡೀಪುರದಲ್ಲಿ 2009ರಲ್ಲಿ ಇದರ ಉಲ್ಟಾ ನಡೆಯಿತು. ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳೇ ನಿಂತು ಕಾಡಿನ ಪ್ರಾಣಿಗಳಿಗೆ ದಾರಿ ಬಿಟ್ಟವು. ಎರಡೂ ಕಡೆ ತೀರ್ಮಾನವಾದದ್ದು ಒಂದೇ ಪ್ರಶ್ನೆ: ರಸ್ತೆ ಯಾರದು? ಕುಂಬಾರವಾಡದಂತಹ ಊರಲ್ಲಿ ರಸ್ತೆ ಬರೀ ಹಾದುಹೋಗುವ ಜಾಗವಲ್ಲ. ಅಲ್ಲೇ ಭತ್ತ ಒಣಗುತ್ತದೆ, ದನ ನಿಲ್ಲುತ್ತದೆ, ಸಂಜೆಯ ಮಾತು ನಡೆಯುತ್ತದೆ. ಅಲ್ಲಿ ಬಂದು ‘ಪಕ್ಕಕ್ಕೆ ಸರಿಯಿರಿ’ ಎಂದು ಹಾರ್ನ್ ಹೊಡೆಯುವವನು ಒಂದು ಅಂಗಳದೊಳಗೆ ನುಗ್ಗಿದ ಹಾಗೆ.

ಇವಾನ್ ಇಲಿಚ್ ಎಂಬ ಚಿಂತಕ 1970ರ ದಶಕದಲ್ಲಿ ಒಂದು ವಿಚಿತ್ರ ಲೆಕ್ಕ ಹಾಕಿದ. ಅಮೆರಿಕದ ಸಾಮಾನ್ಯ ಪುರುಷ ಕಾರು ಓಡಿಸಲು, ನಿಲ್ಲಿಸಲು, ಅದರ ಖರ್ಚಿಗಾಗಿ ದುಡಿಯಲು ವರ್ಷಕ್ಕೆ 1,600 ಗಂಟೆ ಕಳೆದು 7,500 ಮೈಲಿ ಹೋಗುತ್ತಾನೆ. ಅಂದರೆ ಗಂಟೆಗೆ ಐದು ಮೈಲಿಗೂ ಕಡಿಮೆ. ಅದೇ ಲೆಕ್ಕವನ್ನು ನಮ್ಮ ಕಾರಿಗೂ ಹಾಕಬಹುದು. ತಿಂಗಳಿಗೆ ಒಂದು ಲಕ್ಷ ರೂಪಾಯಿ ಉಳಿಸಬಲ್ಲ ಮನುಷ್ಯನಿಗೂ 1.35 ಕೋಟಿಯೆಂದರೆ 135 ತಿಂಗಳು, ಹನ್ನೊಂದು ವರ್ಷಕ್ಕೂ ಹೆಚ್ಚು. ಆ ಹನ್ನೊಂದು ವರ್ಷಗಳಲ್ಲಿ ಅವನು ರಜೆ ಹಾಕಿ, ರಾತ್ರಿ ಬಸ್ಸು ಹತ್ತಿ ಎಷ್ಟು ಸಲ ತಾಯಿಯನ್ನು ನೋಡಿ ಬರಬಹುದಿತ್ತು? ಬೇಗ ಮುಟ್ಟಬೇಕೆಂಬ ಆಸೆ ನಿಜವಾದದ್ದೇ ಆದರೆ ಅದಕ್ಕೆ ಬೇಕಾದದ್ದು ವೇಗವಲ್ಲ, ಬಿಡುವು.

ನಮ್ಮ ಕಡೆ ಅಪಘಾತವಾದರೆ ‘ಗ್ರಹಚಾರ’ ಎನ್ನುತ್ತಾರೆ. ಗುದ್ದಿದವನಿಗೂ ಅದೇ ಮಾತು, ಗುದ್ದಿಸಿಕೊಂಡವನಿಗೂ ಅದೇ. ಓದಿದವರು ಇದನ್ನು ಮೌಢ್ಯವೆಂದು ತಳ್ಳಿಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ‘ನೈತಿಕ ಅದೃಷ್ಟ’ದ ಚರ್ಚೆ ತೆಗೆದಾಗ ಹುಡುಕಿದ್ದು ಇದಕ್ಕೆ ಹತ್ತಿರದ್ದನ್ನೇ. ಇಬ್ಬರು ಒಂದೇ ತರಹ ಅಜಾಗರೂಕರಾಗಿ ಗಾಡಿ ಓಡಿಸುತ್ತಾರೆ. ಒಬ್ಬನ ಎದುರಿಗೆ ಮಗು ಬರುತ್ತದೆ, ಇನ್ನೊಬ್ಬನ ಎದುರಿಗೆ ಬರುವುದಿಲ್ಲ. ಒಬ್ಬ ಕೊಲೆಗಾರನಾಗುತ್ತಾನೆ, ಇನ್ನೊಬ್ಬ ಮನೆಗೆ ಹೋಗಿ ಊಟ ಮಾಡುತ್ತಾನೆ. ಇಬ್ಬರ ತಪ್ಪು ಒಂದೇ, ನಡುವೆ ನಿಂತದ್ದು ಗ್ರಹಚಾರ. ತನ್ನದೇನೂ ತಪ್ಪಿಲ್ಲದೆ ಮಗುವಿನ ಮೇಲೆ ಗಾಡಿ ಹರಿದ ಲಾರಿ ಚಾಲಕನಿಗೂ ಉಳಿದವರಿಗಿಲ್ಲದ ಒಂದು ನೋವು ಜೀವನವಿಡೀ ಉಳಿಯುತ್ತದೆ ಎಂದು ವಿಲಿಯಮ್ಸ್ ಗುರುತಿಸಿದ.

ಗ್ರಹಚಾರ ನಮ್ಮ ಕೈಯಲ್ಲಿಲ್ಲ, ಒಪ್ಪೋಣ. ಆದರೆ ಅದಕ್ಕೆ ಎಷ್ಟು ಜಾಗ ಬಿಡಬೇಕೆಂಬುದು ನಮ್ಮ ಕೈಯಲ್ಲಿದೆ. 20 ಮೀಟರಿನಲ್ಲಿ ನಿಲ್ಲುವವನು ಗ್ರಹಚಾರಕ್ಕೆ 20 ಮೀಟರ್ ಬಿಟ್ಟಿದ್ದಾನೆ. 80 ಮೀಟರ್ ಬೇಕಾದವನು 80 ಮೀಟರ್ ಬಿಟ್ಟಿದ್ದಾನೆ. ಅಷ್ಟೂ ಉದ್ದದಲ್ಲಿ ಯಾವ ಹುಡುಗಿಯ ಚೆಂಡೂ ಉರುಳಬಾರದು, ಯಾವ ಕಡವೆಯೂ ದಾಟಬಾರದು ಎಂದು ಅವನು ಬೇಡಿಕೊಳ್ಳುತ್ತಿರಬೇಕು. ಆಗಿಹೋದ ಮೇಲೆ ‘ಏನು ಮಾಡುವುದು, ಗ್ರಹಚಾರ’ ಎನ್ನುವ ಹಕ್ಕು ಇಬ್ಬರಿಗೂ ಸಮನಾಗಿ ಇರಲಾರದು.

ಇಷ್ಟೆಲ್ಲ ಹೇಳಿದ ಮೇಲೆ ವೇಗದ ಸುಖವನ್ನು ಅಲ್ಲಗಳೆದರೆ ಅದು ಸುಳ್ಳಾಗುತ್ತದೆ. ಒಳ್ಳೆಯ ಎಂಜಿನ್ ಒಂದು ಕಲೆ. ನೂರಾರು ಬಿಡಿಭಾಗಗಳು ಕೂದಲೆಳೆಯ ಅಳತೆಯಲ್ಲಿ ಒಂದಕ್ಕೊಂದು ಹೊಂದಿ ತಿರುಗುವುದರಲ್ಲಿ ಒಂದು ಲಯವಿದೆ. ಅದನ್ನು ಮೆಚ್ಚುವವನನ್ನು ಸಂಗೀತ ಮೆಚ್ಚುವವನಿಗಿಂತ ಕೀಳೆಂದು ನಾನು ಎಣಿಸಲಾರೆ. ಅಪರಿಗ್ರಹದ ಹೆಸರಿನಲ್ಲಿ ಎಲ್ಲ ಆಸೆಯನ್ನೂ ಬೈಯುವುದು ಸುಲಭ, ಅದರಲ್ಲೂ ಕೊಳ್ಳಲು ದುಡ್ಡಿಲ್ಲದ ಸಂಶೋಧನಾ ವಿದ್ಯಾರ್ಥಿಗೆ ಇನ್ನೂ ಸುಲಭ. ಆ ಸುಖಕ್ಕೂ ಒಂದು ಜಾಗ ಬೇಕು. ಚೆನ್ನೈ, ಕೊಯಮತ್ತೂರುಗಳಲ್ಲಿ ರೇಸ್ ಟ್ರ್ಯಾಕುಗಳಿವೆ; ಅಲ್ಲಿ ಎದುರಿನಿಂದ ಶಾಲೆಯ ಮಕ್ಕಳು ಬರುವುದಿಲ್ಲ, ಬಂದವರೆಲ್ಲ ಅಪಾಯ ಒಪ್ಪಿಯೇ ಬಂದವರು. ವೇಗದ ಸುಖ ತಪ್ಪಲ್ಲ. ಅದಕ್ಕೆ ‘ಮನೆಮಂದಿಗಾಗಿ’ ಎಂಬ ಹೆಸರಿಡುವುದು ತಪ್ಪು. ನನ್ನ ಆಸೆಯನ್ನು ನನ್ನದೆಂದು ಹೇಳಿಕೊಂಡರೆ ಅದನ್ನು ಅಳೆಯಬಹುದು, ಮಿತಿಯಲ್ಲಿಡಬಹುದು. ತಾಯಿಯ ಕಾಯಿಲೆ, ಮಕ್ಕಳ ಸುರಕ್ಷತೆ ಎಂಬ ಸೆರಗಿನಲ್ಲಿ ಮುಚ್ಚಿಟ್ಟರೆ ಯಾರೂ ಅದನ್ನು ಪ್ರಶ್ನಿಸುವಂತಿಲ್ಲ, ಮುಚ್ಚಿಟ್ಟವನೂ ಸಹ.

ಹಾಗಾದರೆ ಸಂಸಾರದ ಕಾರನ್ನು ಹೇಗೆ ಅಳೆಯಬೇಕು? ಹಿಡಿಸುವ ಜಾಗ ನೋಡಬೇಕು, ಬ್ರೇಕು ಬೆಲ್ಟು ನೋಡಬೇಕು, ಮಣ್ಣಿನ ದಾರಿಗೆ ತಳ ತಾಗದೆ ಹೋಗುತ್ತದೆಯೇ ನೋಡಬೇಕು, ಹಾಳಾದರೆ ದಾಂಡೇಲಿಯ ಗ್ಯಾರೇಜಿನವರು ಮುಟ್ಟಬಲ್ಲರೇ ಎಂದೂ ನೋಡಬೇಕು. ಈ ಪಟ್ಟಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಈ ಕಾರು ತನ್ನ ಹೊರಗಿರುವವರಿಂದ ಏನನ್ನು ಬೇಡುತ್ತದೆ? ಅವರು ಎಷ್ಟು ದೂರ ಸರಿಯಬೇಕು, ಎಷ್ಟು ಹೆದರಬೇಕು, ಮಕ್ಕಳನ್ನು ಎಷ್ಟು ಹೊತ್ತು ಒಳಗೆ ಕೂಡಿಹಾಕಬೇಕು? ಕಡಿಮೆ ಬೇಡುವ ಕಾರು ಒಳ್ಳೆಯ ಕಾರು. ಆ ಅಳತೆಯಲ್ಲಿ ತಗ್ಗಾದ, ಉದ್ದನೆಯ, ಸಾಧಾರಣ ಎಂಜಿನ್ನಿನ ಎಸ್ಟೇಟ್ ಕಾರಿಗೆ ಒಳ್ಳೆಯ ಅಂಕ ಬರುತ್ತದೆ. ಅದೇ ದೇಹಕ್ಕೆ 560 ಕುದುರೆ ಕಟ್ಟಿದರೆ ಅಂಕ ಇಳಿಯುತ್ತದೆ. ಕುಟುಂಬ ಎಂಬ ಮಾತಿಗೆ ಕಾರಿನ ಬಾಗಿಲೇ ಗಡಿಯಾಗಬೇಕಿಲ್ಲ. ರಸ್ತೆಯಲ್ಲಿ ನಡೆದು ಹೋಗುವವರೂ ಯಾರದೋ ಮನೆಮಂದಿ, ಮತ್ತು ಅವರಿಗಾಗಿ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ.